ಕಾಯಕವೂ ನೂತನೋದ್ಯಮದ ಕಲ್ಪನೆಯೂ

(ಶ್ರೀಮಠದ ಮಹೋತ್ಸವದ ಉಪನ್ಯಾಸಮಾಲೆಯಲ್ಲಿ ಮಾಡಿದ ಭಾಷಣ)



ಷಟ್‌ಸ್ಥಲ, ಅಷ್ಟಾವರಣ, ಶಿವಯೋಗಗಳನ್ನು ಕುರಿತ ಉಪನ್ಯಾಸಗಳ ನಡುವೆ ವ್ಯಾಪಾರೋದ್ಯಮದ ವಿಷಯವೊಂದು ಸೇರಿರುವದನ್ನು ಕಂಡು ಕೆಲವರಿಗೆ ಆಶ್ಚರ್ಯವಾಗಿರಬಹುದು. ಅನುಭಾವವು ಮಠಕ್ಕೆ ಸೇರಿದ್ದು, ವ್ಯಾಪಾರವು ಪೇಟೆಗೆ ಸೇರಿದ್ದು, ಎಂದು ಎರಡನ್ನೂ ಬೇರೆ ಬೇರೆ ಪೆಟ್ಟಿಗೆಗಳಲ್ಲಿಟ್ಟು ಬೀಗ ಹಾಕುವ ರೂಢಿಯು ಬೆಳೆದುಬಂದಿದೆ. ಹನ್ನೆರಡನೆಯ ಶತಮಾನದ ಶರಣರು ಈ ಬೀಗವನ್ನು ಹಾಕಿದವರಲ್ಲ. ಅದು ಅವರ ತರುವಾಯ ಬಂದವರ ಕೈಕೆಲಸ.

ಮಠದ ಅನ್ನವನ್ನುಂಡು ವಿದ್ಯೆ ಕಲಿತ ತರುಣನು ಪರೀಕ್ಷೆ ಮುಗಿದ ಮರುದಿನವೇ ನೌಕರಿಗೆ ಶಿಫಾರಸು ಪತ್ರವನ್ನು ಬೇಡಿ ಬರುವದು ಸಾಮಾನ್ಯವಾಗಿದೆ. ನೂರರಲ್ಲಿ ಒಬ್ಬನು, ಇದುವರೆಗೆ ಯಾರೂ ಮಾಡದ ವಸ್ತುವೊಂದನ್ನು ಮಾಡಿ ಮಾರುವೆನೆಂದು ಹೇಳಿದರೆ, ಮನೆಯ ಹಿರಿಯರು ಹೌಹಾರುತ್ತಾರೆ. ಇದ್ದ ಎರಡೆತ್ತಿನ ಬೇಸಾಯವನ್ನು ಒತ್ತೆಯಿಟ್ಟು, ಕಾಣದ ಲಾಭದ ಬೆನ್ನುಹತ್ತಿ, ಕೊನೆಗೆ ಮನೆಯ ತೊಲೆಗಳನ್ನೂ ಮಾರಿಕೊಂಡವರ ಕಥೆ ಯಾವ ಊರಿನಲ್ಲಿಲ್ಲ? ಆದುದರಿಂದ ಹಿರಿಯರ ಭಯವು ಸುಳ್ಳೆಂದು ತಳ್ಳಿಹಾಕತಕ್ಕದ್ದಲ್ಲ. ಅವರು ಕೇಳುವ ಪ್ರಶ್ನೆಯು ಸರಿಯಾದದ್ದೇ: ಎಂದೂ ಇಲ್ಲದ ಉದ್ಯಮವನ್ನು ಕಲ್ಪಿಸಿಕೊಂಡು ಅದಕ್ಕೆ ಕೈಹಾಕುವದು ಕಾಯಕವೋ, ಅಥವಾ ಜೂಜೋ?

ಶರಣರ ಕಾಯಕಗಳನ್ನು ನೆನೆದರೆ ಮೊದಲ ನೋಟಕ್ಕೆ ಉತ್ತರವು ಹಿರಿಯರ ಪಕ್ಷದಲ್ಲಿಯೇ ಇರುವಂತೆ ಕಾಣುತ್ತದೆ. ಮಾಚಿದೇವರು ಬಟ್ಟೆ ಒಗೆದರು; ಚೌಡಯ್ಯನವರು ದೋಣಿ ನಡೆಸಿದರು; ಚಂದಯ್ಯನವರು ಹಗ್ಗ ಹೊಸೆದರು; ಕೇತಯ್ಯನವರು ಬಿದಿರು ಸೀಳಿ ಬುಟ್ಟಿ ಮೊರಗಳನ್ನು ಹೆಣೆದರು; ದಾಸಿಮಯ್ಯನವರು ನೇಯ್ದರು. ಇವೆಲ್ಲವೂ ಹಳೆಯ ಕಸುಬುಗಳೇ. ಆದರೆ ಆ ಕಾಲವು ಹೊಸದಕ್ಕೆ ಅಂಜಿದ ಕಾಲವೆಂದು ಹೇಳಬರುವದೇ? ಗುಡಿಯ ಗೋಡೆಯೊಳಗಿದ್ದ ದೇವರನ್ನು ಅಂಗೈಗೂ ಎದೆಗೂ ತಂದ ಇಷ್ಟಲಿಂಗ, ಪಂಡಿತರ ಭಾಷೆಯನ್ನು ಬಿಟ್ಟು ಹಾದಿಬೀದಿಯ ಕನ್ನಡದಲ್ಲಿಯೇ ಪರತತ್ವವನ್ನಾಡಿದ ವಚನ, ದೊರೆಯ ಮಂತ್ರಿಯೂ ಸೌದೆ ಮಾರುವವನೂ ಸರಿಸಮವಾಗಿ ಕುಳಿತು ಮಾತಾಡಿದ ಅನುಭವಮಂಟಪ, ಇವು ಅಂದಿನ ಜನರ ಕಣ್ಣಿಗೆ ಎಷ್ಟು ವಿಪರೀತವಾಗಿ ಕಂಡಿರಬೇಕು! ಹೊಸದನ್ನು ಕಲ್ಪಿಸುವ ಶಕ್ತಿಯನ್ನು ಶರಣರು ಬಿಟ್ಟುಕೊಟ್ಟಿರಲಿಲ್ಲ. ಆ ಹೊಸತು ಯಾರ ಭಾರವನ್ನು ಇಳಿಸುವದೆಂಬುದನ್ನು ಅವರು ಮೊದಲು ನೋಡಿದರು, ಅಷ್ಟೇ ಭೇದ.

ಈ ವಿಚಾರವನ್ನು ತತ್ವದ ಮಾತಿನಲ್ಲಿಯೇ ಹಿಗ್ಗಿಸುತ್ತ ಹೋದರೆ ಪ್ರಯೋಜನವಾಗದು. ಒಕ್ಕಲುತನದವರಿಗೆ ಚೆನ್ನಾಗಿ ತಿಳಿಯುವ ಒಂದು ನಿಜವಾದ ದೃಷ್ಟಾಂತವನ್ನು ತೆಗೆದುಕೊಳ್ಳುವದು ಒಳ್ಳೆಯದು. ಅದು ನೇಗಿಲಿನ ಕಥೆ.

ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಲಕ್ಷ್ಮಣರಾವ ಕಾಶಿನಾಥ ಕಿರ್ಲೋಸ್ಕರರು ಹುಟ್ಟಿದರು. ಬಾಲ್ಯದಲ್ಲಿ ಅವರಿಗೆ ಪಾಠದ ಪುಸ್ತಕಕ್ಕಿಂತ ಚಿತ್ರ ಬರೆಯುವದರಲ್ಲಿಯೂ ಯಂತ್ರಗಳಲ್ಲಿಯೂ ಹೆಚ್ಚು ಪ್ರೀತಿ. ಚಿತ್ರಕಲೆಯನ್ನು ಕಲಿಯಲು ಮುಂಬಯಿಯ ಜೆ. ಜೆ. ಕಲಾಶಾಲೆಗೆ ಹೋದರು. ಅಲ್ಲಿ ತಿಳಿದುಬಂದದ್ದೇನೆಂದರೆ, ಕೆಲವು ಬಣ್ಣಗಳು ಅವರ ಕಣ್ಣಿಗೆ ಬೇರೆ ಬೇರೆಯಾಗಿ ಕಾಣಿಸುವದೇ ಇಲ್ಲ! ಚಿತ್ರಗಾರನಾಗಬೇಕೆಂದವನಿಗೆ ಇದಕ್ಕಿಂತ ದೊಡ್ಡ ಆಘಾತವಾವದು? ಬಣ್ಣವನ್ನು ಬಿಟ್ಟು ಗೆರೆಯನ್ನು ಹಿಡಿದರು. ಯಂತ್ರಗಳ ನಕಾಶೆ ತೆಗೆಯುವದನ್ನು ಕಲಿತು, ಮುಂಬಯಿಯ ವಿಕ್ಟೋರಿಯಾ ಜುಬಿಲಿ ತಾಂತ್ರಿಕ ವಿದ್ಯಾಲಯದಲ್ಲಿ ಅದನ್ನೇ ಕಲಿಸುವ ಶಿಕ್ಷಕರಾದರು. ಅಲ್ಲಿದ್ದಾಗಲೇ ಬೆಳಗಾವಿಯಲ್ಲಿದ್ದ ಅಣ್ಣನೊಡನೆ ಕೂಡಿ ಸೈಕಲ್ಲುಗಳ ವ್ಯಾಪಾರವನ್ನು ಆರಂಭಿಸಿದರು; ಮುಂಬಯಿಯಲ್ಲಿ ಕೊಂಡು ಬೆಳಗಾವಿಗೆ ಕಳಿಸುವದು, ಅಲ್ಲಿ ಮಾರುವದು, ಕೆಟ್ಟದ್ದನ್ನು ರಿಪೇರಿ ಮಾಡುವದು. ಶಾಲೆಯಲ್ಲಿ ತಮಗೆ ಸಲ್ಲಬೇಕಾದ ಬಡ್ತಿಯು ಬೇರೊಬ್ಬರಿಗೆ ಸಂದಾಗ ನೌಕರಿಯನ್ನು ಬಿಟ್ಟು ಊರಿನ ಸೀಮೆಗೆ ಮರಳಿದರು.

ಸೈಕಲ್ಲಿನ ಅಂಗಡಿಯಲ್ಲಿಯೇ ಅವರು ಉಳಿದಿದ್ದರೆ ಸುಖವಾಗಿಯೇ ಇರುತ್ತಿದ್ದರು. ಆದರೆ ಪರರು ಮಾಡಿದ್ದನ್ನು ಮಾರುವದಕ್ಕಿಂತ ತಾನೊಂದನ್ನು ಮಾಡಬೇಕೆಂಬ ಹಂಬಲವಿತ್ತು. ಏನನ್ನು ಮಾಡಬೇಕು? ಇಲ್ಲಿಯೇ ಕಲ್ಪನೆಯ ಮೊದಲನೆಯ ಪಾಠವಿದೆ. ಅವರು ಆಕಾಶವನ್ನು ನೋಡಲಿಲ್ಲ, ದನದ ಕೊಟ್ಟಿಗೆಯನ್ನು ನೋಡಿದರು. ಜೋಳದ ಸೊಪ್ಪೆಯನ್ನು ಇಡಿಯಾಗಿ ಎತ್ತಿನ ಮುಂದೆ ಹಾಕಿದರೆ ಅದು ಎಲೆಯನ್ನೂ ಮೆತ್ತನೆಯ ತುದಿಯನ್ನೂ ತಿಂದು ದಪ್ಪ ಬುಡವನ್ನು ತುಳಿದು ಕೆಡಿಸುತ್ತದೆ. ಅದೇ ಸೊಪ್ಪೆಯನ್ನು ಸಣ್ಣಗೆ ಕತ್ತರಿಸಿ ಹಾಕಿದರೆ ಬುಡವೂ ಹೊಟ್ಟೆಗೆ ಸೇರುತ್ತದೆ. ಬರಗಾಲದ ವರ್ಷದಲ್ಲಿ ಈ ಭೇದವೆಂದರೆ ಎತ್ತು ಉಳಿಯುವದಕ್ಕೂ ಕಟುಕನ ಮನೆಗೆ ಹೋಗುವದಕ್ಕೂ ಇರುವ ಭೇದ. ಲಕ್ಷ್ಮಣರಾವರು ಮೊದಲು ಮಾಡಿದ ಯಂತ್ರವು ಮೇವು ಕತ್ತರಿಸುವ ಯಂತ್ರ.

ಅದರ ಬಳಿಕ 1903ರಲ್ಲಿ ಕಬ್ಬಿಣದ ನೇಗಿಲು ಬಂದಿತು.

ಕಟ್ಟಿಗೆಯ ನೇಗಿಲು ಮಾಡುವ ಕೆಲಸವನ್ನು ಹೊಲದಲ್ಲಿ ನಿಂತು ನೋಡಿದವರೆಲ್ಲರೂ ಬಲ್ಲರು. ಅದೊಂದು ಬೆಣೆ. ಮಣ್ಣನ್ನು ಸೀಳಿ ಇಬ್ಬದಿಗೆ ಸರಿಸುತ್ತದೆ, ಮಗುಚುವದಿಲ್ಲ. ಸಾಲಿನಿಂದ ಸಾಲಿಗೆ ನಡುವೆ ಉಳದ ದಿಂಡು ಉಳಿಯುತ್ತದೆ; ಅದಕ್ಕಾಗಿ ಅಡ್ಡ ಹೊಡೆಯಬೇಕು, ಮತ್ತೆ ಉದ್ದ ಹೊಡೆಯಬೇಕು. ಎರೆಯ ಭೂಮಿಯಲ್ಲಿ ಕರಿಕೆಯಂಥ ಕಳೆಗಳು ಬೇರು ಬಿಟ್ಟ ಮೇಲೆ ಅವುಗಳನ್ನು ಕೀಳಲು ಕೂಲಿಯವರು ಸಾಲಾಗಿ ನಿಂತು ಅಗೆಯಬೇಕು. ಕಬ್ಬಿಣದ ನೇಗಿಲಿಗಾದರೋ ಕುಳದ ಹಿಂದೆ ತಿರುಚಿದ ರೆಕ್ಕೆಯೊಂದಿರುತ್ತದೆ. ಕುಳವು ಮಣ್ಣಿನ ಪಟ್ಟಿಯನ್ನು ಅಡಿಯಿಂದ ಕೊಯ್ಯುತ್ತದೆ, ರೆಕ್ಕೆಯು ಅದನ್ನೆತ್ತಿ ಬೋರಲು ಹಾಕುತ್ತದೆ. ಮೇಲಿದ್ದ ಕಳೆಯು ಕೆಳಗೆ ಹೋಗಿ ಕೊಳೆತು ಗೊಬ್ಬರವಾಗುತ್ತದೆ, ಕೆಳಗಿನ ಬೇರು ಮೇಲೆ ಬಂದು ಬಿಸಿಲಿಗೆ ಒಣಗುತ್ತದೆ.

ಇಷ್ಟು ಉಪಯುಕ್ತವಾದ ವಸ್ತುವನ್ನು ಜನರು ಮುಗಿಬಿದ್ದು ಕೊಂಡಿರಬೇಕೆಂದು ತೋರುವದು ಸಹಜ. ಆದರೆ ನಡೆದದ್ದು ಬೇರೆ. ಮೊದಲನೆಯ ನೇಗಿಲು ಮಾರಾಟವಾಗಲು ಎರಡು ವರ್ಷಗಳು ಬೇಕಾದವು! ಕಬ್ಬಿಣವು ಭೂಮಿತಾಯಿಗೆ ವಿಷವೆಂದು ಒಕ್ಕಲಿಗರು ನಂಬಿದ್ದರು. ಬಿತ್ತಿದ ಬೀಜವು ಅಂಥ ಮಣ್ಣಿನಲ್ಲಿ ಮೊಳೆಯಲಾರದೆಂದು ಅವರ ಅಂಜಿಕೆ.

ಈ ಮಾತನ್ನು ಕೇಳಿ ಓದಿದವರು ನಗುವದುಂಟು. ಅವರು ಸ್ವಲ್ಪ ನಿಧಾನಿಸಬೇಕು. ಕಟ್ಟಿಗೆಯ ನೇಗಿಲಿನ ತುದಿಯಲ್ಲಿದ್ದ ಕುಳವು ಯಾತರದು? ಕುಂಟೆಯ ಅಲಗು ಯಾತರದು? ಕುಡುಗೋಲು, ಗುದ್ದಲಿಗಳು ಯಾತರವು? ಕಬ್ಬಿಣವು ಅಜ್ಜ ಮುತ್ತಜ್ಜರ ಕಾಲದಿಂದಲೂ ಆ ಮಣ್ಣಿನಲ್ಲಿ ಆಡುತ್ತಲೇ ಇದ್ದಿತು. ಹಾಗಾದರೆ ‘ವಿಷ’ವೆಂಬ ಮಾತಿನ ಒಳಗೆ ಬೇರೊಂದು ಅರ್ಥವು ಅಡಗಿರಬೇಕು. ಕಟ್ಟಿಗೆಯ ನೇಗಿಲು ಮುರಿದರೆ ಊರ ಬಡಿಗನು ಅರ್ಧ ದಿನದಲ್ಲಿ ಸರಿಮಾಡಿ ಕೊಡುತ್ತಿದ್ದನು. ಅದಕ್ಕೆ ಅವನಿಗೆ ಸುಗ್ಗಿಯಲ್ಲಿ ಆಯವು ಸಲ್ಲುತ್ತಿತ್ತು, ರೊಕ್ಕ ಬೇಕಿರಲಿಲ್ಲ. ಎರಕದ ನೇಗಿಲು ಮುರಿದರೆ? ಮಳೆ ಬಿದ್ದು ನೆಲ ಹದವಾದ ನಾಲ್ಕು ದಿನಗಳಲ್ಲಿ ಬೆಳಗಾವಿಗೆ ಹೋಗುವವರಾರು, ಭಾಗವನ್ನು ತರುವವರಾರು? ಭಾರವಾದ ಆ ನೇಗಿಲನ್ನು ಒಂದು ಜೋಡಿ ಎತ್ತು ಎಳೆಯಲಾರದಿದ್ದರೆ ಇನ್ನೆರಡು ಜೋಡಿಗೆ ಯಾರ ಬಾಗಿಲಿಗೆ ಹೋಗಬೇಕು? ಆ ವರ್ಷದ ಹದ ತಪ್ಪಿದರೆ ಆ ವರ್ಷದ ಅನ್ನ ತಪ್ಪಿತು. ತರ್ಕದಲ್ಲಿ ಹೇಳಲಾರದ ಈ ಲೆಕ್ಕವನ್ನು ಒಕ್ಕಲಿಗನು ಒಂದೇ ಶಬ್ದದಲ್ಲಿ ಹೇಳಿದನೆಂದು ತಿಳಿಯುವದು ಹೆಚ್ಚು ನ್ಯಾಯವಾದದ್ದು.

ನೂತನೋದ್ಯಮದ ಧರ್ಮಸೂಕ್ಷ್ಮವು ಇಲ್ಲಿಯೇ ಇದೆ. ಹೊಸ ವಸ್ತುವನ್ನು ಕಲ್ಪಿಸಿದವನು ಅದನ್ನು ತನ್ನ ಮೇಜಿನ ಮೇಲೆ ಕಲ್ಪಿಸುತ್ತಾನೆ. ಪರೀಕ್ಷೆಯು ಮಾತ್ರ ಮತ್ತೊಬ್ಬನ ಹೊಲದಲ್ಲಿ ನಡೆಯುತ್ತದೆ. ಕಲ್ಪನೆಯು ತಪ್ಪಿದರೆ ಕಲ್ಪಿಸಿದವನ ಹೆಸರು ಕೆಡಬಹುದು, ಆದರೆ ಕೊಂಡವನ ಕಣಜ ಬರಿದಾಗುತ್ತದೆ. ಹಾಗಾದರೆ ಹೊಸತಿನ ನಷ್ಟವನ್ನು ಮೊದಲು ಹೊರಬೇಕಾದವರು ಯಾರು? ಮಾಡಿದವನೇ ಹೊತ್ತರೆ ಅದು ಕಾಯಕ. ಕೊಂಡವನ ಮೇಲೆ ಹೊರಿಸಿದರೆ ಅದು ಜೂಜು, ಅದೂ ಪರರ ದುಡ್ಡಿನಿಂದ ಆಡಿದ ಜೂಜು. ಲಕ್ಷ್ಮಣರಾವರು ಎರಡು ವರ್ಷಗಳ ಕಾಲ ಮಾರಾಟವಾಗದ ನೇಗಿಲುಗಳ ಭಾರವನ್ನು ತಾವೇ ಹೊತ್ತುಕೊಂಡು ಕಾದರು. ಮಾರಾಟವಾಗದ ಸರಕಿನ ಮುಂದೆ ಬೆಳಗಾದರೆ ಎದ್ದು ನಿಲ್ಲುವದು ಎಂಥ ತಪಸ್ಸೆಂಬುದನ್ನು ಅಂಗಡಿಕಾರರೇ ಬಲ್ಲರು. ಅವರು ಅದನ್ನು ಶಾಸ್ತ್ರದ ಹೆಸರಿನಿಂದ ಕರೆಯದಿರಬಹುದು.

ನೇಗಿಲು ನಿಧಾನವಾಗಿ ಹೊಲಗಳಿಗೆ ಇಳಿಯುತ್ತಿದ್ದಾಗಲೇ ಇನ್ನೊಂದು ಕಷ್ಟ ಬಂದಿತು. ಬೆಳಗಾವಿಯು ಬೆಳೆಯುತ್ತಿದ್ದುದರಿಂದ ನಗರದ ವಿಸ್ತರಣೆಗಾಗಿ ಕಾರಖಾನೆಯ ಸ್ಥಳವನ್ನು ಬಿಟ್ಟುಕೊಡಬೇಕಾಯಿತು. ಹೊಸ ಸ್ಥಳಕ್ಕೆ ದುಡ್ಡಿಲ್ಲ. ಆಗ ಔಂಧ ಸಂಸ್ಥಾನದ ಅರಸರಾದ ಬಾಳಾಸಾಹೇಬ ಪಂತ ಪ್ರತಿನಿಧಿಗಳು ಕುಂಡಲ್ ರೋಡ್ ಎಂಬ ರೇಲ್ವೆ ನಿಲ್ದಾಣದ ಹತ್ತಿರ 32 ಎಕರೆ ಬರಡು ಭೂಮಿಯನ್ನೂ 10,000 ರೂಪಾಯಿಗಳ ಸಾಲವನ್ನೂ ಕೊಟ್ಟರು. ಆ ಭೂಮಿಯೆಂದರೆ ಪಾಪಾಸುಕಳ್ಳಿಯ ಕಾಡು, ನಾಗರ ಹಾವುಗಳ ಬೀಡು. 1910ರಲ್ಲಿ ಅಲ್ಲಿ ಕಳ್ಳಿಯನ್ನು ಕಡಿದು ಕಾರಖಾನೆಯನ್ನೂ ಅದರ ಸುತ್ತ ಕೆಲಸಗಾರರ ಊರನ್ನೂ ಕಟ್ಟಿದರು. ಮುಂದೆ ಆ ನಿಲ್ದಾಣಕ್ಕೂ ಊರಿಗೂ ಕಿರ್ಲೋಸ್ಕರವಾಡಿಯೆಂಬ ಹೆಸರು ಬಂದಿತು.

ಆ ಊರಿನ ವಿಷಯದಲ್ಲಿ ಭಕ್ತಮಂಡಲಿಯು ವಿಶೇಷವಾಗಿ ಲಕ್ಷ್ಯಕೊಡತಕ್ಕ ಸಂಗತಿಯೊಂದುಂಟು. ಲಕ್ಷ್ಮಣರಾವರು ಅಲ್ಲಿ ಅಸ್ಪೃಶ್ಯತೆಯನ್ನು ನಿಷೇಧಿಸಿದರು. ಅಷ್ಟೇ ಅಲ್ಲ, ಅಪರಾಧ ಮಾಡಿ ಸೆರೆಮನೆಯನ್ನು ಕಂಡುಬಂದವರನ್ನು ಕರೆತಂದು ರಾತ್ರಿಯ ಕಾವಲಿಗೆ ನಿಲ್ಲಿಸಿದರು! ಕಳ್ಳನೆಂದು ಹೆಸರಾದವನ ಕೈಗೆ ಕಾರಖಾನೆಯ ಬಾಗಿಲನ್ನು ಒಪ್ಪಿಸುವದು ಕಬ್ಬಿಣದ ನೇಗಿಲಿಗಿಂತ ಹೆಚ್ಚು ವಿಪರೀತವಾದ ಕಲ್ಪನೆಯಲ್ಲವೇ? ಪೇಟೆಯ ಲೆಕ್ಕದಲ್ಲಿ ಅದು ಹುಚ್ಚುತನ. ಬಸವಣ್ಣನವರ ಮನೆಗೆ ಕಳ್ಳರು ಬಂದ ಕಥೆಯನ್ನು ಪುರಾಣದಲ್ಲಿ ಕೇಳಿದವರಿಗೆ ಮಾತ್ರ ಅದು ಅಷ್ಟೊಂದು ಅಪರಿಚಿತವೆನಿಸದು. ಹೊಸ ಉದ್ಯಮವೆಂದರೆ ಹೊಸ ವಸ್ತುವೇ ಆಗಬೇಕೆಂಬ ನಿಯಮವಿಲ್ಲ. ಮನುಷ್ಯನನ್ನು ಹೊಸದಾಗಿ ನೋಡುವದೂ ಅದರಲ್ಲಿ ಸೇರುತ್ತದೆ.

ಲಕ್ಷ್ಮಣರಾವರು 1956ರಲ್ಲಿ ತೀರಿಕೊಂಡರು. ಅದಕ್ಕೆ ಮುಂಚೆಯೇ, 1941ರಲ್ಲಿ, ಅವರ ಮನೆತನದವರು ತುಂಗಭದ್ರೆಯ ದಡದ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ ಎಂಬ ಹೆಸರಿನಿಂದ ಯಂತ್ರಗಳನ್ನು ಮಾಡುವ ಯಂತ್ರಗಳ ಕಾರಖಾನೆಯನ್ನು ಸ್ಥಾಪಿಸಿದ್ದರು. ಅದು ಬಹುಕಾಲ ನಡೆದು ಕೊನೆಗೆ ಮುಚ್ಚಿತು. ಉದ್ಯಮಗಳಿಗೂ ಆಯುಷ್ಯದ ಮಿತಿಯುಂಟು, ಅದರಲ್ಲಿ ಮುಚ್ಚಿಡತಕ್ಕದ್ದೇನೂ ಇಲ್ಲ.

ಇನ್ನೊಂದು ದೃಷ್ಟಾಂತವನ್ನು ಸಂಕ್ಷೇಪವಾಗಿ ಹೇಳಬಹುದು. ಮೈಸೂರು ಸೀಮೆಯ ಶ್ರೀಗಂಧವು ಯುರೋಪಿಗೆ ಹಡಗು ಹತ್ತಿ ಹೋಗುತ್ತಿದ್ದಿತು. ಎಣ್ಣೆ ತೆಗೆಯುವವರು ಅಲ್ಲಿಯವರು. 1914ರಲ್ಲಿ ಮಹಾಯುದ್ಧವು ಆರಂಭವಾಗಿ ಆ ಹಾದಿ ಕಟ್ಟಿಹೋಯಿತು. ಗಂಧದ ಕೊರಡುಗಳು ಕೊಳ್ಳುವವರಿಲ್ಲದೆ ರಾಶಿಬಿದ್ದವು. ದಿವಾನರಾಗಿದ್ದ ವಿಶ್ವೇಶ್ವರಯ್ಯನವರು ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ, ಬೆಂಗಳೂರಿನ ವಿಜ್ಞಾನಮಂದಿರದ ಪ್ರಾಧ್ಯಾಪಕರಾದ ಸಡ್‌ಬರೋ, ವಾಟ್ಸನ್ ಇವರ ನೆರವಿನಿಂದ ಎಣ್ಣೆಯನ್ನು ಇಲ್ಲಿಯೇ ಬಟ್ಟಿಯಿಳಿಸುವ ಏರ್ಪಾಡು ಮಾಡಿಸಿದರು. 1916ರಲ್ಲಿ ಬೆಂಗಳೂರಿನಲ್ಲಿಯೂ, ಮರುವರ್ಷ ಮೈಸೂರಿನಲ್ಲಿಯೂ ಕಾರಖಾನೆಗಳಾದವು. ಎಣ್ಣೆಯು ದೊರೆತ ಮೇಲೆ ಅದನ್ನು ಸಾಬೂನಿಗೆ ಬೆರೆಸುವ ಕಲ್ಪನೆ ಬಂದಿತು. ಗರಳಪುರಿ ಶಾಸ್ತ್ರಿಗಳೆಂಬ ರಸಾಯನ ಪಂಡಿತರು ಇಂಗ್ಲೆಂಡಿಗೆ ಹೋಗಿ ಆ ವಿದ್ಯೆಯನ್ನು ಕಲಿತುಬಂದರು. ಪೂಜೆಯ ತಟ್ಟೆಯಲ್ಲಿ ತೇಯ್ದು ಇಡುತ್ತಿದ್ದ ಗಂಧವು ಬಚ್ಚಲುಮನೆಗೆ ಬಂದುದನ್ನು ಕಂಡು ಮಡಿವಂತರು ಮುಖ ಸಿಂಡರಿಸಿದ್ದರೂ ಆಶ್ಚರ್ಯವಿಲ್ಲ. ಆದರೆ ಮೈಸೂರು ಸ್ಯಾಂಡಲ್ ಸಾಬೂನು ನೂರು ವರ್ಷಗಳನ್ನು ದಾಟಿ ಇಂದಿಗೂ ಮಾರಾಟವಾಗುತ್ತಿದೆ. ಅಲ್ಲಿಯೂ ಕಲ್ಪನೆಯು ಹುಟ್ಟಿದ್ದು ರಾಶಿಬಿದ್ದ ಕೊರಡಿನ ಮುಂದೆಯೇ. ಆದರೆ ಒಂದು ಭೇದವನ್ನು ಮರೆಯಬಾರದು: ಅದರ ಬೆನ್ನಿಗೆ ಒಂದು ಸರಕಾರದ ಬೊಕ್ಕಸವಿದ್ದಿತು. ಆದುದರಿಂದ ಬಡವನ ಮಗನಿಗೆ ನೇಗಿಲಿನ ಕಥೆಯೇ ಹೆಚ್ಚು ಹತ್ತಿರವಾದದ್ದು.

ಈಗ ಎರಡು ಆಕ್ಷೇಪಣೆಗಳನ್ನು ವಿಚಾರಿಸಬೇಕು. ಮೊದಲನೆಯದು ಲಾಭದ್ದು. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಬೇಕಾದುದಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಲಕ್ಕಮ್ಮನವರು ಹೆಚ್ಚಿನದನ್ನು ಮರಳಿ ಸುರಿದು ಬರಲು ಕಳಿಸಿದರಂತೆ. ಕಾರಖಾನೆಯಾದರೋ ಇಂದಿನ ಹೆಚ್ಚಿನದನ್ನು ನಾಳಿನ ಯಂತ್ರಕ್ಕೆ ಹಾಕದಿದ್ದರೆ ನಡೆಯದು. ಈ ವಿರೋಧವು ಸುಲಭವಾಗಿ ಬಗೆಹರಿಯುವಂಥದಲ್ಲ. ದಾಸೋಹಕ್ಕೆ ಒಂದು ಭಾಗವನ್ನು ಕೊಟ್ಟೆನೆಂಬ ಮಾತಿನಿಂದ ಅದನ್ನು ಮುಚ್ಚಿಹಾಕುವದು ಸರಿಯಲ್ಲ. ಲಕ್ಕಮ್ಮನವರ ಪ್ರಶ್ನೆಯಲ್ಲಿ ಅಕ್ಕಿಯ ಅಳತೆಗಿಂತ ಆಸೆಯ ಅಳತೆಯೇ ಮುಖ್ಯವಾಗಿತ್ತು. ಉಳಿದ ಹಣವು ಇನ್ನೊಬ್ಬನ ಭಾರವನ್ನು ಇಳಿಸುವ ಇನ್ನೊಂದು ವಸ್ತುವಾಗಿ ಹೊರಬರುತ್ತಿದ್ದರೆ ಅದು ಮನೆಯಲ್ಲಿ ಕೂಡಿಟ್ಟ ಅಕ್ಕಿಯಲ್ಲ. ಬರೀ ಹಣವಾಗಿಯೇ ಬೆಳೆಯುತ್ತಿದ್ದರೆ ಲಕ್ಕಮ್ಮನವರ ಮುಂದೆ ನಿಂತು ಉತ್ತರ ಹೇಳುವದು ಕಠಿಣವಾದೀತು.

ಎರಡನೆಯದು ಇನ್ನೂ ಕಠಿಣ. ಕಬ್ಬಿಣದ ನೇಗಿಲು ಊರಿಗೆ ಬಂದ ಮೇಲೆ ನೇಗಿಲು ಕಡೆಯುತ್ತಿದ್ದ ಬಡಿಗನ ಗತಿಯೇನು? ಅವನದೂ ಕಾಯಕವೇ. ಒಬ್ಬನ ಕಾಯಕದ ಹೊಸತು ಇನ್ನೊಬ್ಬನ ಕಾಯಕದ ಕೊನೆಯಾಗುವದನ್ನು ಶರಣಧರ್ಮವು ಕಣ್ಣುಮುಚ್ಚಿ ನೋಡಲಾರದು. ಮುಂದೆ ಟ್ರ್ಯಾಕ್ಟರು ಬಂದು ಕಬ್ಬಿಣದ ನೇಗಿಲನ್ನೂ, ಅದನ್ನೆಳೆದ ಎತ್ತನ್ನೂ ಬದಿಗೆ ಸರಿಸಿತು; ಬಡಿಗನಿಗೆ ಆದದ್ದು ಉಳುವವನಿಗೂ ಆಯಿತು. ಹೊಸತನ್ನು ತಡೆಯುವದು ಇದಕ್ಕೆ ಪರಿಹಾರವಲ್ಲ, ತಡೆದವರು ಯಾರೂ ಗೆದ್ದಿಲ್ಲ. ಆದರೆ ಹೊಸ ವಸ್ತುವನ್ನು ರಿಪೇರಿ ಮಾಡುವ ವಿದ್ಯೆಯನ್ನು ಮೊದಲು ಆ ಬಡಿಗನಿಗೂ ಕಮ್ಮಾರನಿಗೂ ಕಲಿಸುವದು ಅಸಾಧ್ಯವೇ? ಹಾಗೆ ಮಾಡಿದರೆ ಊರಿನ ವಿದ್ಯೆ ಊರಿನಲ್ಲಿಯೇ ಉಳಿಯುತ್ತದೆ, ಹದದ ನಾಲ್ಕು ದಿನಗಳಲ್ಲಿ ಪಟ್ಟಣಕ್ಕೆ ಓಡುವ ಭಯವೂ ಹೋಗುತ್ತದೆ. ವಿಷವೆಂದು ಅಂಜಿದ ಒಕ್ಕಲಿಗನಿಗೂ, ಕೆಲಸ ತಪ್ಪಿದ ಬಡಿಗನಿಗೂ ಒಂದೇ ಔಷಧವು ದೊರೆಯುತ್ತಿದ್ದಿತು. ಇದನ್ನು ಯೋಚಿಸುವದೂ ಉದ್ಯಮವನ್ನು ಕಲ್ಪಿಸುವವನ ಕೆಲಸವೇ ಹೊರತು ಧರ್ಮಾರ್ಥದ ಕೆಲಸವಲ್ಲ.

ಪ್ರಸಾದ ನಿಲಯದ ವಿದ್ಯಾರ್ಥಿಗಳು ಕೇಳಬಹುದು: ಕಲ್ಪಿಸಲು ಇನ್ನೇನು ಉಳಿದಿದೆ? ಎಲ್ಲವನ್ನೂ ಯಾರೋ ಮಾಡಿಬಿಟ್ಟಿದ್ದಾರಲ್ಲ! ಈ ಪ್ರಶ್ನೆಗೆ ಉತ್ತರವು ಪುಸ್ತಕದ ಅಂಗಡಿಯಲ್ಲಿಲ್ಲ. ಹತ್ತಿ ಬಿಡಿಸಿದ ಮೇಲೆ ಹೊಲದಲ್ಲಿ ನಿಂತ ಕಟ್ಟಿಗೆಯನ್ನು ಬೆಂಕಿಗೆ ಹಾಕುವವರು ಇಂದಿಗೂ ಇದ್ದಾರೆ. ಕುಸುಬಿಯನ್ನು ಕೊಯ್ಯುವಾಗ ಮುಳ್ಳು ಚುಚ್ಚದಿರಲೆಂದು ಕೈಗೆ ಅರಿವೆ ಸುತ್ತಿಕೊಳ್ಳುತ್ತಾರೆ. ಕಳೆ ತೆಗೆಯುವ ತಾಯಂದಿರು ಬೆಳಗಿನಿಂದ ಬೈಗಿನ ವರೆಗೆ ನಡು ಬಗ್ಗಿಸಿಕೊಂಡೇ ಇರುತ್ತಾರೆ. ಇವುಗಳಲ್ಲಿ ಒಂದೊಂದೂ ಒಂದು ಕಾರಖಾನೆಯ ಅಡಿಗಲ್ಲಾಗಬಹುದು, ಆಗದೆಯೂ ಇರಬಹುದು. ಆಗುವದೋ ಇಲ್ಲವೋ ಎಂಬುದನ್ನು ತನ್ನ ಹೊಲದಲ್ಲಿ, ತನ್ನ ಖರ್ಚಿನಲ್ಲಿ, ಒಂದು ಮಳೆಗಾಲವಾದರೂ ನೋಡದೆ ಮತ್ತೊಬ್ಬನಿಗೆ ಮಾರತಕ್ಕದ್ದಲ್ಲ. ಮಠದ ಹೊಲವೊಂದರ ಮೂಲೆಯನ್ನು ಇಂಥ ಪರೀಕ್ಷೆಗಾಗಿ ಬಿಟ್ಟುಕೊಡುವ ವಿಚಾರವನ್ನು ಶ್ರೀಗಳವರು ಮನಸ್ಸಿಗೆ ತಂದುಕೊಳ್ಳಬಹುದೆಂದು ವಿನಂತಿಸಿಕೊಳ್ಳುವದು ಅತಿಪ್ರಸಂಗವಾಗಲಾರದು. ಬೆಳೆ ಕೆಟ್ಟರೆ ಮಠದ್ದು ಕೆಡಲಿ, ಬಡವನದು ಉಳಿಯಲಿ.

ಬ್ಯಾಡಗಿಯ ಮೆಣಸಿನಕಾಯಿಯನ್ನೇ ತೆಗೆದುಕೊಳ್ಳಿರಿ. ಖಾರಕ್ಕಿಂತ ಬಣ್ಣಕ್ಕೆ ಹೆಸರಾದ ಕಾಯಿ ಅದು. ಮೈಯೆಲ್ಲ ಸುಕ್ಕು, ಒಂದರಂತೆ ಇನ್ನೊಂದಿಲ್ಲ. ತೊಟ್ಟನ್ನು ಮುರಿಯಬೇಕು, ಕಾಯಿ ಒಡೆಯಬಾರದು, ಬೀಜ ಚೆಲ್ಲಬಾರದು. ಇದಕ್ಕೆ ಯಂತ್ರಗಳನ್ನು ಮಾಡಿ ನೋಡಿದವರಿದ್ದಾರೆ. ಆದರೂ ರಾಶಿಯ ಮುಂದೆ ಕುಳಿತು ಬೆರಳಿನಿಂದ ತೊಟ್ಟು ಬಿಡಿಸುವ ಹೆಂಗಸರ ಸಾಲು ಹೋಗಿಲ್ಲ. ಈ ಸಭೆಯಲ್ಲಿ ಕುಳಿತ ವಿದ್ಯಾರ್ಥಿಗಳಲ್ಲಿ ಕೆಲವರ ತಾಯಂದಿರು ಆ ಸಾಲಿನಲ್ಲಿ ಕುಳಿತವರಿರಬಹುದು. ರಾತ್ರಿ ಆ ಬೆರಳುಗಳು ಉರಿಯುವಾಗ ಎಣ್ಣೆ ಸವರಿಕೊಂಡು, ಮಗುವಿನ ಕಣ್ಣಿಗೆ ಕೈ ತಗಲದಂತೆ ಸೆರಗಿನಲ್ಲಿ ಸುತ್ತಿಟ್ಟುಕೊಂಡು ಅವರು ಮಲಗುವದನ್ನು ಆ ಮಕ್ಕಳು ಕಂಡಿದ್ದಾರೆ. ಸುಕ್ಕು ಬಿದ್ದ ಆ ಕಾಯಿಯನ್ನು ತೊಟ್ಟಿನ ಕಡೆಯಿಂದ ಹೇಗೆ ಹಿಡಿಯಬೇಕೆಂಬುದನ್ನು ಅವರ ತಾಯಂದಿರಿಗಿಂತ ಚೆನ್ನಾಗಿ ಬಲ್ಲ ಯಂತ್ರವಿದ್ಯೆಯ ಪಂಡಿತರು ಎಲ್ಲಿಯೂ ಇಲ್ಲ. ರಜೆಯಲ್ಲಿ ಊರಿಗೆ ಹೋದಾಗ ನಕಾಶೆಯ ಕಾಗದವನ್ನು ಹಿಡಿದುಕೊಂಡು ಅವರ ಪಕ್ಕದಲ್ಲಿ ಕುಳಿತುಕೊಳ್ಳಬಹುದು.